ಹರಿದರ ಪಾಸು

ಅಕ್ಕಲಕೋಟ ಕಡೆ ಎರಿಮಣ್ಣು
ಮಳಿಗಾಲದಾಗ ಚಪ್ಪಲಿ ಕೇಳತದ,
ಬ್ಯಾಸಗಿಯಾಗ ಬಾಯಿ ತಕ್ಕೊಂಡು
ಬಿದ್ದ ಕಾಲುಂಗುರ ನುಂಗತದ.
ಅದರ ಮ್ಯಾಲ ಹಾಕಿದ ಡಾಂಬರು
ಮೂರು ಸಲ ಉಬ್ಬಿತು, ಮೂರು ಸಲ ಸೀಳಿತು.
(ಉಬ್ಬಿದ್ದು ಮಣ್ಣು ಒಂದ ಅಲ್ಲ, ಗುತ್ತೇದಾರನೂ.)
ನಾಕನೇ ಸಲ ಇಲಾಖೆ ನಮ್ಮನ್ನ ಕಳಿಸಿತು:
ಒಂದು ತಕ್ಕಡಿ, ಕಟಕಟ ಬಡಿಯೂ ಹಿತ್ತಾಳಿ ಬಟ್ಟಲ,
ಒಂದು ಗಾಜಿನ ಹಲಗಿ, ಕೊಡಿ ಹಿಡಿಯಾಕ ನಾನು,
ಮತ್ತ ಮರಾಠಿ ಬಿಟ್ಟು ಬ್ಯಾರೆ ಬಾರದ
ತೋಡಕರ ಮೇಡಂ.

ಸಕ್ಕರಿ ಕಾರಖಾನಿ ಹಿಂದ ಬೂದಿಯ ಗುಡ್ಡ.
ಕಬ್ಬು ಹಿಂಡಿ, ಸಿಪ್ಪಿ ಸುಟ್ಟು,
ಉಳಿದದ್ದು ಯಾರಿಗೂ ಬ್ಯಾಡಾದದ್ದು.
ಗಾಳಿ ತಿರುಗಿದ ದಿನ
ಒಣಹಾಕಿದ ಧೋತರದ ಮ್ಯಾಲ, ಮೊಸರಿನ ಮ್ಯಾಲ,
ತೊಟ್ಟಿಲ ಕೂಸಿನ ರೆಪ್ಪಿ ಮ್ಯಾಲ ಕೂಡೂದು.
ಎರಡು ಟ್ರ್ಯಾಕ್ಟರ್ ತುಂಬಿ ಕೊಟ್ಟರು ಪುಕ್ಕಟ:
"ಒಯ್ರಿ, ಪುಣ್ಯಾ ಬರತದ."

ಪರೀಕ್ಷಾ ಅಂದರ ಇಷ್ಟ. ಹಸಿ ಮಣ್ಣು
ಗಾಜಿನ ಮ್ಯಾಲಿಟ್ಟು ಅಂಗೈಲೆ ಹೊಸೀಬೇಕು,
ಮೂರು ಮಿಲಿಮೀಟರ್ ಎಳಿ.
ಮೇಡಂದು ದಪ್ಪ ಬಂತು, ನನ್ನದು ಹಾವಿನ ಮರಿ.
ಕಡಿ ಹೊರಾಕ ಬಂದ ಗುರುಶಾಂತವ್ವ ನಕ್ಕಳು,
ಕೈ ತೊಳಕೊಂಡು ಕುಂತಳು.
ಆಕಿ ಬೆರಳ ಕೆಳಗ ಕರಿ ಮಣ್ಣು
ಮದವಿ ಮನಿ ಶ್ಯಾವಿಗಿ ಹಂಗ
ಉದ್ದಕ ಉದ್ದ, ಹರೀಲೇ ಇಲ್ಲ.
"ನೋಡ್ರಿ!" ಅಂದಳು.
ಮೇಡಂ ತಲಿ ಅಲ್ಲಾಡಿಸಿ ಬರಕೊಂಡರು:
ಕೆಟ್ಟದ್ದು.

ನೂರಕ್ಕ ನಾಕು ಬೂದಿ. ಎಳಿ ಬಂತು.
ಆರು. ಬಂತು, ಕುಂಟಿಕೋತ.
ಹತ್ತು, ಮ್ಯಾಲ ಒಂದು ಚಿಮಟಿ ಸುಣ್ಣ.
ಆಕಿ ಕೈಯಾಗ ಪುಡಿ ಪುಡಿ.
ಕೊಡ ಒಡದವರಂಗ ನನ್ನ ಮಾರಿ ನೋಡಿದಳು.
"ಛಾನ್! ಛಾನ್!" ಮೇಡಂ ಕುಣದರು.
ನಾ ಕನ್ನಡಕ್ಕ ತಂದೆ:
ಹರಿದರ ಪಾಸು, ಅವ್ವ.

ಪುಡಿ ಮೂಸಿ, ತಿಕ್ಕಿ, ಕೇಳಿದಳು:
"ಹಂಗಾರ ಇದರಾಗ ಬಿತ್ತಿದರ ಬರೂದಿಲ್ಲ?"
ಇದನ್ನ ನಾ ಮರಾಠಿಗೆ ತರಲಿಲ್ಲ.
ಫಾರಮಿನಾಗ ಅದಕ್ಕ ಜಾಗ ಇರಲಿಲ್ಲ.

ಉರುಳಿ ಹೋತು ರೋಲರು. ಏಳು ದಿನ
ಗೋಣಿತಟ್ಟು ಹೊಚ್ಚಿ ನೀರು ಕುಡಿಸಿದಿವಿ,
ಬಾಣಂತಿಗೆ ಮಾಡಿದಂಗ.

ಮಿರಗದ ಮಳಿ ಸುರದ ಮರುದಿನ
ಗುರುಶಾಂತವ್ವ ಸಂತಿಗೆ ಹೊಂಟಾಳ.
ರಸ್ತಾ ಗಟ್ಟಿ ಅದ, ನೀರು ಹರದು ಹೋಗ್ಯದ,
ಕೆಸರಿನ ಸುದ್ದಿ ಇಲ್ಲ.
ಆದರೂ ಚಪ್ಪಲಿ ಎರಡೂ ಕೈಯಾಗ.
ಕಾಲಿಗೆ ಇನ್ನಾ ಯಾರೂ ಹೇಳಿಲ್ಲ.