ತಾಟಿನ ಮ್ಯಾಲಿನ ಲೆಕ್ಕ

ಸ್ಟೀಲಿನ ತಾಟೊಂದು ಕಿಡಕಿ ಕಟ್ಟಿ ಮ್ಯಾಲ ಇಟ್ಟೆ,
ತೊಳೆದು, ಒರೆಸಿ, ಮಾರಿ ಕಾಣುವಂಗ.
ಅತ್ತಿ ಕೇಳಿದರು: ಯಾರಿಗವ್ವಾ ಎಡಿ?
ಗಾಳಿಗೆ, ಅಂದೆ.
ನಕ್ಕರು. ಆಮ್ಯಾಲ ಕೆಮ್ಮಿದರು.

ಈ ಕಿಡಕಿ ಮುಚ್ಚಿ ಏಳು ವರ್ಷ ಆತು.
ಫ್ಯಾಕ್ಟರಿ ಬೂದಿ ಬರ್ತದಂತ
ಗಂಡ ಸಂದಿಗೆಲ್ಲ ಸಿಮೆಂಟ್ ಚೀಲದ ಕಾಗದ ತುರುಕಿ
ಮೊಳಿ ಹೊಡೆದಿದ್ದ.
ಹಗಲೆಲ್ಲ ತಾನೇ ತುಂಬಿದ್ದನ್ನ
ರಾತ್ರಿ ಹೊರಗೇ ನಿಲ್ಲಸೋ ಕೆಲಸ, ಅದೇ ಚೀಲದಿಂದ.

ಒಳಗೇನಿತ್ತು?
ಒಗ್ಗರಣಿ ಮೆಣಸಿನಕಾಯಿ ಘಾಟು,
ಸೊಳ್ಳಿಬತ್ತಿ ಸುರುಳಿಯ ಹೊಗಿ,
ಒಣಗದ ಚಾದರಿನ ಮುಗ್ಗು,
ನಾಕು ಮಂದಿಯ ನಿನ್ನಿನ ಉಸಿರು.
ಮೂಲ್ಯಾಗ ಕೂಲರು,
ಮುಚ್ಚಿದ ಖೋಲಿಯ ಗಾಳಿನೇ ನೆನಸಿ ನೆನಸಿ
ನಮಗ ತಿರುಗಿ ಹಾಕ್ತಿತ್ತು,
ತಂಗಳ ಸಾರಿಗೆ ನೀರು ಬೆರೆಸಿ ಬಡಿಸಿದಂಗ.
ಮೈಗೆ ಅಂಟು. ಗೋಡಿಗೆ ಕಪ್ಪು ಬೂಷ್ಟು.
ಮೀಟರು ಮಾತ್ರ ಹುರುಪಿನಿಂದ ಓಡ್ತಿತ್ತು,
ತವರಿಗೆ ಹೊಂಟವರಂಗ.

ದಾನೇಶ್ವರಿಗೆ ಆರು ವರ್ಷ.
ನಿದ್ದ್ಯಾಗ ಆಕಿ ಎದಿ ಸಿಳ್ಳೆ ಹಾಕ್ತದ.
ಸೇಡಂ ದವಾಖಾನಿ ಡಾಕ್ಟರಮ್ಮ ಔಷಧ ಬರೆದು
ಪೆನ್ನು ಮುಚ್ಚಿ ಕೇಳಿದಳು:
ಮನಿಗೆ ಕಿಡಕಿ ಅವಾ?
ಅವ, ಅಂದೆ.
ತೆರಿತೀರಾ?

ಉತ್ತರ ಹೊಳೆದದ್ದು ಬಸ್ಸಿನಾಗ, ಮಳಖೇಡ ದಾಟಿದ ಮ್ಯಾಲ:
ತೆರೆದರ ಹೊರಗಿನ ಧೂಳು,
ಮುಚ್ಚಿದರ ಒಳಗಿನ ಹೊಗಿ.
ಡಾಕ್ಟರಮ್ಮಾ, ಯಾವ ಹೊತ್ತಿನಾಗ ತೆರೀಲಿ
ಅಂತ ಕೇಳಬೇಕಿತ್ತು.

ಅದಕ್ಕೇ ತಾಟು.
ತಾಸಿಗೊಮ್ಮೆ ಬೆರಳು ಎಳೀತಿದ್ದೆ.
ಮಧ್ಯಾಹ್ನ ಮೂರಕ್ಕ ಬೆರಳ ತುದಿ
ವಿಭೂತಿ ಹಚ್ಚಿದಂಗ.
ಸಂಜಿ ಏಳಕ್ಕ, ಲಾರಿ ಸಾಲು ಹ್ವಾದ ಮ್ಯಾಲ, ಇನ್ನೂ ದಪ್ಪ.
ರಾತ್ರಿ ಹನ್ನೊಂದಕ್ಕ ಹೆಸರು ಬರೀಬಹುದು.
ಬರೆದೆ, ದಾನು ಅಂತ. ಲಗೂನ ಒರೆಸಿದೆ.
ಗಂಡ ಎದ್ದು ಕುಂತು, ಹುಚ್ಚು ಹಿಡೀತಾ, ಅಂದ.
ಕ್ಯಾಲೆಂಡರಿನ ಬೆನ್ನಿಗೆ ಗೆರಿ ಎಳೀತಾ ಹ್ವಾದೆ,
ಹನ್ನೊಂದು ದಿನ.
ನಡುವ ಎರಡು ರಾತ್ರಿ ಬೆಕ್ಕು ತಾಟು ಕೆಡವಿತು;
ಅದರ ಲೆಕ್ಕ ಇಲ್ಲ.

ನಸುಕಿನ ನಾಕರಿಂದ ಆರು.
ಗಾಳಿ ಕಾಗಿಣಾ ಕಡಿಯಿಂದ ತಿರುಗ್ತದ.
ಲಾರಿ ಮಲಗಿರ್ತಾವ.
ಬೆರಳು ಎಳೆದರ
ಬೆರಳೇ ಬರ್ತದ.

ಮೊಳಿ ಕೀಳ್ಲಾಕ ಅವನೇ ಬಂದ. ಮಾತಿಲ್ಲ.
ಕಾಗದ ಎಳೆದದ್ದೇ ತಡ
ಏಳು ವರ್ಷ ಮೂವರ ತಲಿ ಮ್ಯಾಲ ಬಿತ್ತು.
ಅತ್ತಿ ಸೆರಗು ಜಾಡಿಸಿ ಅಂದರು:
ನಿಮ್ಮ ಮಾವ ತಾನೇ ಫರಸಿ ಕಡಿದು ಕುಂದರಿಸಿದ್ದು.
ಎದುರಾಬದರು ಎರಡು,
ಒಂದು ಗಾಳಿ ಬರ್ಲಾಕ, ಒಂದು ಹೋಗ್ಲಾಕ.
ಇನ್ನೊಂದು ಎಲ್ಲದ ಅತ್ತಿ?
ನಿನ್ನ ಅಲಮಾರಿ ಹಿಂದ.
ನನ್ನ ಮದುವಿ ಅಲಮಾರಿ.
ನಾ ಬಂದ ದಿನಾನೇ ಗಾಳಿ ಹೋಗೋ ದಾರಿ ಕಟ್ಟಿದ್ದೆ,
ಯಾರೂ ಹೇಳಿರಲಿಲ್ಲ.

ಈಗ ನಾಕಕ್ಕ ಎರಡೂ ತೆರಿತೀವಿ.
ನೆಲದ ಕಲ್ಲು ತಣ್ಣಗಾಗೋದು ಅಂಗಾಲಿಗೆ ಗೊತ್ತಾಗ್ತದ.
ಆರಕ್ಕ ಮುಚ್ಚಿ, ತಟ್ಟು ನೆನಸಿ ಇಳಿಬಿಡ್ತೀವಿ.
ಕಲ್ಲು ಹಿಡಿದಿಟ್ಟ ತಂಪು ಹನ್ನೊಂದರ ತನಕ,
ವೈಶಾಖದಾಗ ಹತ್ತರ ತನಕ.
ಆಮ್ಯಾಲ ಕೂಲರು, ಬೆನ್ನು ಕಿಡಕಿಗೆ ಕೊಟ್ಟು,
ಎದುರಿನದು ನಾಕು ಬೆರಳು ತೆರೆದು.
ಅದರ ಹುಲ್ಲು ವಾರಕ್ಕೊಮ್ಮೆ ತೊಳೀತೀನಿ;
ನೀರು ಬೂದಿ ಬಣ್ಣ.
ಆ ಬೂದಿ ಹುಲ್ಲಿನಾಗ ಇರಲಿ, ಹುಡುಗಿಯೊಳಗ ಬ್ಯಾಡ.
ಸೊಳ್ಳಿಗೆ ಪರದಾ ಕಟ್ಟೀವಿ.

ಬಿಲ್ಲು ಇಳೀತು. ಗಂಡ ಎರಡು ಸಲ ಓದಿದ.
ಎಷ್ಟು ಅಂತ ಹೇಳೂದಿಲ್ಲ,
ನಾದಿನಿ ಕೈಗಡ ಕೇಳ್ತಾಳ.

ಸಿಳ್ಳೆ ಇನ್ನೂ ಅದ, ಸಣ್ಣದಾಗ್ಯಾದ.
ಕೆಲವು ರಾತ್ರಿ ಕೇಳಸೂದೇ ಇಲ್ಲ.
ಆಗ ನಾನೇ ಗಾಬರಿಯಾಗಿ ಎದ್ದು
ಆಕಿ ಮೂಗಿನ ಕೆಳಗ ಅದೇ ಬೆರಳು ಹಿಡೀತೀನಿ.
ಬಿಸಿ ಅದ.

ತಾಟು ಈಗ ಆಕಿ ಉಣ್ಣೋ ತಾಟು.
ರಸ್ತಾದ ಆಚಿ ಎರಡನೇ ಚಿಮಣಿ ಏಳಲಕತ್ತದ.
ಸಂತಿಯಿಂದ
ಇನ್ನೊಂದು ತಾಟು ತರಬೇಕು.