ಕೊನೆಯ ನೀರು

ಸುಂಟಿಕೊಪ್ಪದಿಂದ ಒಳಗೆ, ಜೀಪು ಮಾತ್ರ ಹೋಗುವ ದಾರಿಯಲ್ಲಿ
ಒಂದು ಪಲ್ಪರ್ ಮನೆ.
ನನ್ನ ಚೀಲದಲ್ಲಿ ಪಿಎಚ್ ಕಾಗದ, ಸೀಮೆಸುಣ್ಣ, ನಾಲ್ಕು ಗಾಜಿನ ಬಾಟಲಿ.
ಕರಿಹಲಗೆ ಇಲ್ಲ.
"ಕಣದ ಸಿಮೆಂಟೇ ಸಾಕು ಟೀಚರೇ," ಅಂದರು ಮೊಯ್ದು,
ಇಪ್ಪತ್ತಾರು ಡಿಸೆಂಬರು ಆ ಯಂತ್ರದ ಕಿವಿ ಹಿಂಡಿದವರು.

ದೊಡ್ಡದೊಂದು ವೃತ್ತ ಬರೆದೆ.
ಇಲ್ಲಿ ಹಣ್ಣು, ಇಲ್ಲಿ ಸಿಪ್ಪೆ, ಇಲ್ಲಿ ಲೋಳೆ,
ಇಲ್ಲಿಂದ ನೀರು ಮತ್ತೆ ಇಲ್ಲಿಗೆ.
ಎದುರಿಗೆ ಐದು ಜನ:
ಮೊಯ್ದು, ಪಳನಿಯಮ್ಮ, ಅವಳ ಸೊಸೆ,
ಕನ್ನಡ ಇನ್ನೂ ಬಾರದ ಅಸ್ಸಾಮಿನ ರಫೀಕುಲ್,
ಮತ್ತೆ ರೈಟರು ಪೂವಣ್ಣ, ಕಣ್ಣು ಕೈಗಡಿಯಾರದ ಮೇಲೆ.

ಒಂದು ಬಾಟಲಿಯಲ್ಲಿ ತೋಡಿನ ನೀರು, ಪಲ್ಪರಿಗಿಂತ ಮೇಲಿನದು.
ಇನ್ನೊಂದರಲ್ಲಿ ಅದೇ ತೋಡು, ಕೆಳಗಿನದು:
ಹಳಸಿದ ಹೆಂಡದ ಬಣ್ಣ, ಮೂಗಿಗೆ ಹಿಡಿದರೆ ಹುಳಿ.
ಕಾಗದ ಅದ್ದಿದೆ. ಕಿತ್ತಳೆ ಸಿಪ್ಪೆಯ ಬಣ್ಣಕ್ಕೆ ತಿರುಗಿತು.
ಪಳನಿಯಮ್ಮ ಮೂಗು ಮುಚ್ಚಲಿಲ್ಲ.
"ಕೆಳಗಿನ ಲೈನಿನವರು ನಾವು ಇದರಲ್ಲೇ ಬಟ್ಟೆ ಒಗೆಯೋದು," ಅಂದಳು,
ದೂರುವ ದನಿಯಲ್ಲಲ್ಲ,
ವಿಳಾಸ ಹೇಳುವ ಹಾಗೆ.

ಪಾಠದ ಕಷ್ಟದ ಭಾಗಕ್ಕೆ ಬಂದೆ:
ನಾಲ್ಕು ಸಲ ತೊಳೆಯುತ್ತೀರಿ ಬೀಜ, ನಾಲ್ಕು ಸಲವೂ ಹೊಸ ನೀರು.
ಕೊನೆಯದು ಬಹುಪಾಲು ತಿಳಿನೀರೇ, ಅದನ್ನು ನಾಳೆ...
"ಲೈನಿಗೆ ನಲ್ಲಿ ಅರ್ಧ ಗಂಟೆ," ಪಳನಿಯಮ್ಮ ಶುರು ಮಾಡಿದಳು.
"ಪಾತ್ರೆ ಗಲಬರಿಸಿದ ಕೊನೇ ನೀರು ಬಕೆಟ್ಟಲ್ಲಿಟ್ಟರೆ
ರಾತ್ರಿ ಪಾತ್ರೆಗೆ ಅದೇ ಮೊದಲ ನೀರು.
ಅದರ ಮಡ್ಡಿ ಬಸಳೆ ಬುಡಕ್ಕೆ.
ಇದಕ್ಕೆ ಇಷ್ಟು ದೊಡ್ಡ ಚೀಲ ಬೇಕಿತ್ತಾ?"
ಸೊಸೆ ನಕ್ಕಳು. ನಾನೂ ನಗಬೇಕಾಯಿತು,
ನಲವತ್ತು ಪುಟದ ಕೈಪಿಡಿಯನ್ನು ಚೀಲದಲ್ಲೇ ಬಿಟ್ಟು.

ಆದರೂ ಹೇಳಿದೆ: ಬಕೆಟ್ಟು ಬೇರೆ, ಈ ತೊಟ್ಟಿ ಬೇರೆ.
ಬಕೆಟ್ಟು ಹುಳಿ ಬಂದರೆ ಚೆಲ್ಲಬಹುದು.
ಇದು ಹುಳಿ ಬಂದರೆ ಎಲ್ಲಿಗೆ ಚೆಲ್ಲುತ್ತೀರಿ?
ಆಗ ಯಾರೂ ನಗಲಿಲ್ಲ.

ಸುಣ್ಣ ಎಷ್ಟು, ನೀರು ಎಷ್ಟು ಹೊತ್ತು ತಂಗಬೇಕು,
ಸಿಪ್ಪೆ ನೀರಿನ ಜೊತೆ ಓಡದೆ ಗೊಬ್ಬರದ ಗುಂಡಿ ಸೇರುವುದು ಹೇಗೆ...
ರಫೀಕುಲ್ ನನ್ನ ಮಾತು ಬಿಟ್ಟು ಕೈಯನ್ನೇ ನೋಡಿದ.
ಸಂಜೆಯೊಳಗೆ ನಾಲ್ಕನೇ ತೊಟ್ಟಿಯ ಪೈಪು
ಮೊದಲನೆಯದರ ಬಾಯಿಗೆ ಬಂದು ಕೂತಿತ್ತು.

ಎಂಟು ದಿನ ಬಿಟ್ಟು ಬಂದೆ.
ರಿಜಿಸ್ಟರಿನಲ್ಲಿ ಹೊಸ ನೀರಿನ ಕಲಂ ದಿನದಿನಕ್ಕೆ ಇಳಿದಿದೆ,
ಪೂವಣ್ಣನವರ ದುಂಡು ಅಕ್ಷರ, ಸಾಹುಕಾರರಿಗೆ ತೋರಿಸುವ ಅಕ್ಷರ.
ನಡುವೆ ಓರೆಯಾಗಿ, ಪೆನ್ಸಿಲಿನಲ್ಲಿ:
"ಬೆಳಗಿನ ಜಾವ ಎರಡು. ನೀರು ಗಟ್ಟಿ. ಪಲ್ಪರ್ ಕಟ್ಟಿತು.
ತೋಡಿನ ವಾಲ್ವು ತೆಗೆದೆ. ಹತ್ತು ನಿಮಿಷ. ಮೊಯ್ದು."

ಪೂವಣ್ಣ ರಬ್ಬರು ಹಿಡಿದೇ ನಿಂತಿದ್ದರು.
"ಅಳಿಸಿಬಿಡಲಾ? ನಿಮ್ಮ ವರದಿಗೆ ಚೆನ್ನಾಗಿ ಕಾಣಲ್ಲ."
ಮೊಯ್ದು ಆಚೆ ನೋಡುತ್ತ ಬೀಡಿ ತಡಕಾಡಿದರು.
ಕೊಯ್ದ ಹಣ್ಣು ಬೆಳಗಿನ ತನಕ ಕಾಯುವುದಿಲ್ಲ,
ಅದು ನನಗೂ ಗೊತ್ತು.
ಗೊತ್ತಿದ್ದೂ ನನ್ನ ವೃತ್ತದಲ್ಲಿ
ರಾತ್ರಿ ಎರಡು ಗಂಟೆಗೆ ಜಾಗ ಇಟ್ಟಿರಲಿಲ್ಲ.

ಬೇಡ, ಅಂದೆ. ಈ ಪುಟದಲ್ಲಿ ನಾನು ಪೂರ್ತಿ ನಂಬುವುದು
ಆ ಒಂದು ಸಾಲನ್ನು.

ಸೀಮೆಸುಣ್ಣದ ವೃತ್ತದ ಮೇಲೆ ಪಾರ್ಚ್‌ಮೆಂಟು ಹರಡಿದ್ದರು,
ಹಲುಬೆ ಎಳೆದೆಳೆದು ಅರ್ಧ ಅಳಿಸಿತ್ತು.
ಪಳನಿಯಮ್ಮ ಕಾಲಲ್ಲೇ ಬೀಜ ಸರಿಸಿ ಜಾಗ ಮಾಡಿದಳು.
ಕುಕ್ಕರುಗಾಲಲ್ಲಿ ಕೂತು ಕೇಳಿದೆ:
ಗಟ್ಟಿ ಆದದ್ದು ಎಲ್ಲಿ, ಜಾಲರಿಗೆ ಮುಂಚೆಯೋ, ಆಮೇಲೋ?
ಜಾಲರಿಯ ಕಣ್ಣು ಎಷ್ಟು?

ಮೊಯ್ದು ಬೀಡಿಯನ್ನು ಕಿವಿಗೆ ಸಿಕ್ಕಿಸಿ
ಕಿರುಬೆರಳ ಉಗುರು ತೋರಿಸಿದರು.
"ಇಷ್ಟು. ಇದರ ಅರ್ಧ ಬೇಕು."

ಬರೆದುಕೊಂಡೆ.