ಬೂದಿಯವರು

ಇಲ್ಲಿ ಬೀದಿಗಳಿಲ್ಲ, ಹಾಗಾಗಿ ಮನೆಗೆ ನಂಬರಿಲ್ಲ.
ಲಾಟ್ವಿಯಾದ ಈ ಮೂಲೆಯಲ್ಲಿ ಹೆಸರೇ ವಿಳಾಸ.
ಹೆಸರಿಲ್ಲದ ಮನೆಗೆ ಕಾಗದ ಬಾರದು,
ಕರೆಂಟು ಬಾರದು, ಎದೆನೋವೆದ್ದರೆ ಆಂಬುಲೆನ್ಸೂ.
ರೀಗಾದ ಐದನೇ ಮಹಡಿಯಿಂದ ಇಳಿದು ಬಂದವರು ನಾವು,
ಅಲ್ಲಿ ನಮ್ಮ ಹೆಸರು ನಲವತ್ತೊಂದು.

ಅರ್ಜಿಯ ನಾಲ್ಕನೇ ಕಾಲಂ ಎರಡು ತಿಂಗಳಿಂದ ಖಾಲಿ.
ಗುಂದಾರ್ಸನಿಗೆ ‘ಬಿಸಿಲುಗುಡ್ಡ’ ಬೇಕಿತ್ತು.
ನನಗೆ ಅಮ್ಮನ ಹೆಸರಿಡುವ ಆಸೆ, ಬಾಯಿಬಿಟ್ಟು ಹೇಳಲಿಲ್ಲ.
ಪಂಚಾಯಿತಿಯ ಗುಮಾಸ್ತೆ ಕನ್ನಡಕ ಏರಿಸಿದಳು:
“ಈ ಹೋಬಳಿಯಲ್ಲಿ ಆಗಲೇ ಮೂರು ಬಿಸಿಲುಗುಡ್ಡ ಇವೆ.
ಒಂದರಲ್ಲೂ ಬಿಸಿಲಿಲ್ಲ. ಗುಡ್ಡವಂತೂ ಇಲ್ಲವೇ ಇಲ್ಲ.”

ಪಾಯ ತೋಡುವಾಗ ಯಂತ್ರದ ಹಲ್ಲಿಗೆ
ಒಂದು ಹೊಸ್ತಿಲು ಸಿಕ್ಕಿತು.
ನಡುವೆ ಸವೆದು ಬಟ್ಟಲಾದ ಕಲ್ಲು.
ಎಷ್ಟು ಕಾಲು ಒಳಬಂದು ಹೊರಹೋಗಿರಬೇಕು
ಕಲ್ಲೂ ಹೀಗೆ ತಗ್ಗಬೇಕಾದರೆ!
ಪಕ್ಕದಲ್ಲಿ ಒಲೆಯ ಇಟ್ಟಿಗೆ, ಗುಂಡಿಯಷ್ಟಗಲ ನೀಲಿ ಪಿಂಗಾಣಿ.
ಆಚೆಗೊಂದು ಲೈಲಾಕ್ ಪೊದೆ, ಪ್ರತಿ ಮೇ ತಿಂಗಳು
ಇಲ್ಲದ ಕಿಟಕಿಗೆ ಹೂ ಚಾಚುತ್ತದೆ.

ನೆರೆಯ ವೆಲ್ತಾ ಅಜ್ಜಿ ಬಕೆಟ್ಟು ಹಿಡಿದು ಬಂದು ನಿಂತಳು,
ಎಂಬತ್ತೇಳರ ಮುದುಕಿ, ಕಾಲಲ್ಲಿ ಮಗನ ಗಂಬೂಟು.
“ಹೆಸರು ಹುಡುಕುತ್ತಿದ್ದೀರಂತೆ. ಈ ಜಾಗಕ್ಕೆ ಇದೆಯಲ್ಲ ಹೆಸರು.
ಪೆಲ್ನಿ.”

ಪೆಲ್ನಿ ಅಂದರೆ ಬೂದಿ.

ಗುಂದಾರ್ಸ್ ಎಡಭುಜದಾಚೆ ಮೂರು ಸಲ ಉಗಿದ.
ಪೈನ್ ಮರದ ಗೋಡೆ, ಪೈನ್ ಮರದ ಮಾಡು,
ಇಪ್ಪತ್ತು ವರ್ಷದ ಕಂತು, ಹೆಸರು ನೋಡಿದರೆ ಬೂದಿ!
ಬೆಂಕಿ ವಿಮೆಯವನು ಫೋನಿನಲ್ಲೇ ನಕ್ಕ.

“ಆ ಮನೆ ಸುಟ್ಟದ್ದಲ್ಲ,” ಅಂದಳು ಅಜ್ಜಿ.
“ಕಾಲುವೆ ತೋಡುತ್ತೇವೆ, ಹೊಲವೆಲ್ಲ ಒಂದು ಮಾಡುತ್ತೇವೆ ಅಂತ
ಸರ್ಕಾರದ ಬುಲ್ಡೋಜರು ಬಂತು, ನನಗಾಗ ಮೂವತ್ತೈದು.
ಊಟದ ಹೊತ್ತಿಗೆ ಮುಗಿದುಹೋಯಿತು.
ನಕ್ಷೆಯಿಂದ ಅಳಿಸುವುದಕ್ಕೆ ಅಷ್ಟು ಹೊತ್ತೂ ಬೇಕಾಗಲಿಲ್ಲ.
ಹೆಸರು ಅದಕ್ಕೂ ಎಷ್ಟೋ ಹಿಂದಿನದು. ಯಾಕೋ ಯಾರಿಗೂ ಗೊತ್ತಿಲ್ಲ.
ಸಾಬೂನು ಕಾಯಿಸುತ್ತಿದ್ದರು ಅಂತಾರೆ ಕೆಲವರು.
ನಮ್ಮಜ್ಜಿ ಹೇಳುತ್ತಿದ್ದದ್ದು ಬೇರೆ:
ರಾತ್ರಿ ಒಲೆ ಆರಿಹೋದವರೆಲ್ಲ ಬೆಳಿಗ್ಗೆ
ಮಡಕೆ ಹಿಡಿದು ಓಡಿಬರುತ್ತಿದ್ದುದು ಇಲ್ಲಿಗೇ.
ಇವರ ಬೂದಿಯೊಳಗೆ ಯಾವತ್ತೂ ಒಂದು ಕೆಂಡ ಇರುತ್ತಿತ್ತು.”
ಬಕೆಟ್ಟಿನ ಸೌತೆಕಾಯಿ ನಮ್ಮ ಹಲಗೆಯ ಮೇಲೆ ಸುರಿದು
ಹಿಂದಿರುಗಿ ನೋಡದೆ ಹೋದಳು.

ಜಂತಿ ಏರಿಸಿದ ದಿನ ಬಡಗಿ ತಾಲಿಸ್ ತುದಿಗೆ ಹತ್ತಿ
ಪದ್ಧತಿಯ ಓಕ್ ಎಲೆಯ ಹಾರ ಕಟ್ಟಲಿಲ್ಲ,
ತನ್ನ ಹರಿದ ಪ್ಯಾಂಟು ಕಟ್ಟಿದ:
ಯಜಮಾನ ಜಿಪುಣನೆಂದು ಊರಿಗೆಲ್ಲ ಕಾಣಲಿ ಎಂದು.
ಗುಂದಾರ್ಸ್ ಕಿವಿಯವರೆಗೆ ಕೆಂಪಾಗಿ ಪೇಟೆಗೆ ಕಾರು ಓಡಿಸಿದ.
ಬಿಯರು, ಹೊಗೆಯಲ್ಲಿ ಒಣಗಿಸಿದ ಮೀನು, ಶಾಜೀರಿಗೆಯ ಚೀಸು ಬಂದ ಮೇಲೆ
ಪ್ಯಾಂಟು ಇಳಿಯಿತು, ಹಾರ ಏರಿತು.

ಆ ರಾತ್ರಿ ಮಗಳು ದಾರ್ತಾ, ಏಳು ವರ್ಷ, ಮುಂದಿನ ಹಲ್ಲಿಲ್ಲ,
ಅರ್ಜಿಯಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿದ್ದಳು: ಪೆಲ್ನಿ.
ಒಂದಕ್ಷರ ತಿರುಗುಮುರುಗು.
ನಾನು ರಬ್ಬರು ಹುಡುಕಿದೆ. ಸಿಗಲಿಲ್ಲ.
ಅಥವಾ, ಹುಡುಕಿದ್ದು ಅಷ್ಟಕ್ಕೇ ಸಾಕೆನಿಸಿತು.

ಹಳೆಯ ಹೊಸ್ತಿಲನ್ನೇ ಹೊಸ ಬಾಗಿಲಿಗೆ ಕೂರಿಸಿದೆವು.
ಮಳೆ ಬಂದರೆ ತಗ್ಗಿನಲ್ಲಿ ನೀರು, ಬೆಳಿಗ್ಗೆ ಎಲ್ಲರ ಕಾಲುಚೀಲ ಒದ್ದೆ.
ಗುಂದಾರ್ಸ್ ದಿನಾ ಬಯ್ಯುತ್ತಾನೆ, ಸಿಮೆಂಟು ತುಂಬುತ್ತೇನೆ ಅನ್ನುತ್ತಾನೆ.
ತುಂಬಿಲ್ಲ.
ಮಲಗುವ ಮುಂಚೆ ಅವನೇ ಒಲೆಯ ಬಾಗಿಲು ತೆರೆದು
ಕೆಂಡವನ್ನು ಒತ್ತಟ್ಟಿಗೆ ಸರಿಸಿ ಬೂದಿ ಹೊದಿಸುತ್ತಾನೆ,
ನಾನು ನೋಡುತ್ತಿಲ್ಲ ಎಂದುಕೊಂಡು.

ಶಾಲೆಯಲ್ಲಿ ಮಗಳನ್ನು ಕೇಳಿದರಂತೆ, ನೀನು ಯಾವ ಮನೆಯವಳು?
“ನಾವು ಬೂದಿಯವರು.”
ನಕ್ಕರೇನೇ, ಎಂದೆ.
“ಒಬ್ಬಳು ನಕ್ಕಳು,” ಅಂದಳು ಬೂಟು ಕಳಚುತ್ತಾ,
“ಅವರ ಮನೆ ಹೆಸರು ಕಪ್ಪೆಗಳು.”